ಚಂದ್ರವ್ವನ ವಸಡಿನ ಗಂಟು

ಫೋನಿನಲ್ಲಿ ಹೇಳಿದ್ದು ಕೆಚ್ಚಲಿನ ಸಂಗತಿ. "ಬಾಯಾರ, ಆಕಳ ಮಲಿಗೆ ರಗತ ಹತ್ತೇತ್ರಿ. ಜಲ್ದಿ ಬರ್ರಿ" ಎಂದು ಹೆಣ್ಣುಮಗಳೊಬ್ಬಳು ಒಂದೇ ಉಸಿರಿಗೆ ಹೇಳಿ ಇಟ್ಟುಬಿಟ್ಟಳು. ನಮ್ಮ ಕಡೆ ಹೆಣ್ಣು ಡಾಕ್ಟರನ್ನು ಬಾಯಾರ ಎನ್ನುತ್ತಾರೆ, ದನದ ಡಾಕ್ಟರಾದರೂ ಸೈ. ಕೆಚ್ಚಲು ಬಾವು ಇರಬೇಕೆಂದು ಅದರ ಔಷಧಿಗಳನ್ನೇ ಚೀಲಕ್ಕೆ ತುಂಬಿಕೊಂಡು, ಆಸ್ಪತ್ರೆಯ ಸಹಾಯಕರನ್ನು ಹಿಂದೆ ಕೂರಿಸಿಕೊಂಡು, ಬೆಟಗೇರಿಯಿಂದ ಮಲ್ಲಸಮುದ್ರದ ಕಡೆ ಸ್ಕೂಟರ್ ತಿರುಗಿಸಿದೆ.

ಮನೆ ಮುಟ್ಟುವ ಮೊದಲೇ ಸಹಾಯಕರು ಒಂದು ಎಚ್ಚರಿಕೆ ಕೊಟ್ಟರು. ನಿವೃತ್ತಿಗೆ ಹತ್ತಿರವಾಗಿದ್ದ ಅವರಿಗೆ ಸುತ್ತಲಿನ ಊರುಗಳ ದನ ಎಷ್ಟು ಗೊತ್ತೋ ದನದವರೂ ಅಷ್ಟೇ ಗೊತ್ತು. "ಅಲ್ಲಿ ಇಬ್ಬರು ನೆಗೆಣ್ಣಿಯರು ಅದಾರ್ರಿ ಮೇಡಂ. ಪಾಲಾದಾಗಿಂದ ಇಬ್ಬರಿಗೂ ಮಾತಿಲ್ಲ. ಗಂಡಂದಿರು ಕೂಡೇ ಹೊಲಕ್ಕ ಹೋಗ್ತಾರ, ಕೂಡೇ ಚಾ ಕುಡೀತಾರ. ಇವರಿಬ್ಬರದ ಹಿಂಗ."

ಒಂದೇ ಮನೆಯ ನಡುವೆ ಇಟ್ಟಂಗಿ ಗೋಡೆ ಎದ್ದಿತ್ತು. ಮುಂದೆ ಎರಡು ಬಾಗಿಲು, ಒಂದಕ್ಕೆ ನೀಲಿ ಬಣ್ಣ, ಇನ್ನೊಂದಕ್ಕೆ ಹಸಿರು. ಹಿತ್ತಲಿನ ಕೊಟ್ಟಿಗೆಗೆ ಮಾತ್ರ ಗೋಡೆ ಬಂದಿರಲಿಲ್ಲ. ಹಿರಿಯ ಸೊಸೆಯನ್ನು ಓಣಿಯವರು ದೊಡ್ಡಾಕಿ ಎನ್ನುತ್ತಿದ್ದರು, ಕಿರಿಯಳನ್ನು ಸಣ್ಣಾಕಿ. ಇಲ್ಲಿ ನಾನೂ ಹಾಗೇ ಕರೆಯುತ್ತೇನೆ. ಫೋನ್ ಮಾಡಿದವಳು ದೊಡ್ಡಾಕಿ. ಆಕಳು ಅವಳ ಪಾಲಿಗೆ ಬಂದದ್ದು.

ನಾಲ್ಕೂ ಮೊಲೆ ಹಿಂಡಿ ನೋಡಿದೆ. ಹಾಲು ಬೆಳ್ಳಗಿತ್ತು, ಗರಣೆ ಇರಲಿಲ್ಲ. ಕೆಚ್ಚಲು ಮೆತ್ತಗಿತ್ತು, ಬಿಸಿಯೂ ಇರಲಿಲ್ಲ. ಮೊಲೆಗಳನ್ನು ನೀರಿನಲ್ಲಿ ಒರೆಸಿದ ಮೇಲೆ ಎಲ್ಲಿಯೂ ಗಾಯ ಕಾಣಲಿಲ್ಲ. ರಕ್ತ ತಾಯಿಯದಲ್ಲದಿದ್ದರೆ ಮಗುವಿನದೇ ಇರಬೇಕು. ಮೂಲೆಯಲ್ಲಿ ಕಟ್ಟಿದ್ದ ಕರುವಿನ ಬಳಿ ಹೋದೆ. ಕೆಂಪು ಮೈ, ಹಣೆಯ ಮೇಲೆ ಬಿಳಿ ಬೊಟ್ಟು. ಚಂದ್ರವ್ವ ಎಂದು ಹೆಸರಿಟ್ಟಿದ್ದರು. ಹುಟ್ಟಿ ಒಂದೂವರೆ ತಿಂಗಳಾಗಿರಬಹುದು.

ಕೆಳತುಟಿಯನ್ನು ಕೆಳಗೆಳೆದೆ. ಮುಂದಿನ ವಸಡಿನ ನಟ್ಟನಡುವೆ, ಎರಡು ಹಾಲುಹಲ್ಲುಗಳ ಸಂದಿಯಲ್ಲಿ, ಮಾಗಿದ ಕವಳಿ ಹಣ್ಣಿನಂತೆ, ಬೆರಳತುದಿಯಷ್ಟು ಒಂದು ಗಂಟು. ಕಡುಗೆಂಪು, ತೇವವಾಗಿ ಹೊಳೆಯುತ್ತಿತ್ತು. ದನಗಳಿಗೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲಿರುವುದಿಲ್ಲ, ಗಟ್ಟಿಯಾದ ವಸಡಷ್ಟೇ. ಕರು ಮೊಲೆ ಚೀಪುವಾಗಲೆಲ್ಲ ಆ ಗಟ್ಟಿ ವಸಡಿನ ಕೆಳಗೆ ಗಂಟು ಸಿಕ್ಕಿ ಜಜ್ಜಿಹೋಗುತ್ತಿತ್ತು. ಮೊಲೆಗೆ ಹತ್ತಿದ ರಕ್ತ ಅದೇ.

ಹಸಿರು ಬಾಗಿಲ ಕಡೆಯಿಂದ ಸಣ್ಣಾಕಿ ಬಂದು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಳು. ಮೂವತ್ತರ ಆಸುಪಾಸು, ತೆಳ್ಳಗೆ, ಎತ್ತರ.

"ಬಾಯಾರ, ಇದು ಎಂದಿಂದ ಆಗೇತಿ ಅಂತ ಅವರಿಗೆ ಕೇಳ್ರಿ."

ದೊಡ್ಡಾಕಿ ಅವಳಿಂದ ಒಂದು ಮಾರು ದೂರದಲ್ಲಿದ್ದಳು. "ನಿನ್ನೆ ರಗತ ಕಂಡೀನಿ ಅಂತ ಹೇಳ್ರಿ ಬಾಯಾರ."

ನಾನು ಇಬ್ಬರ ಮುಖವನ್ನೂ ನೋಡಿ, "ನಿನ್ನೆಯಂತೆ" ಎಂದೆ. ಸಹಾಯಕರು ಕೆಮ್ಮಿದರು.

"ಕಾಲುಬಾಯಿ ಬ್ಯಾನಿ ಅಲ್ಲ ಹೌದಿಲ್ಲ?" ಇದು ಸಣ್ಣಾಕಿಯದು. ಅವಳಿಗೆ ಪುಟ್ಟ ಮಗಳಿದ್ದಳು. ಮಗು ದಿನವಿಡೀ ಕರುವಿನ ಕೊರಳಿಗೆ ಜೋತುಬೀಳುತ್ತಿತ್ತಂತೆ. ನಾನು ಕರುವಿನ ಜ್ವರ ನೋಡಿದೆ, ಗೊರಸಿನ ಸಂದಿ ನೋಡಿದೆ, ನಾಲಿಗೆ ಹೊರಗೆಳೆದು ತಿರುಗಿಸಿ ನೋಡಿದೆ. ಗುಳ್ಳೆ ಇಲ್ಲ, ಜೊಲ್ಲು ಹೆಚ್ಚಿಲ್ಲ, ಬೇರೆ ದನಗಳಿಗೂ ಏನೂ ಇಲ್ಲ. ಕಾಲುಬಾಯಿ ಬೇನೆಯಲ್ಲ. ಮುಳ್ಳು ಚುಚ್ಚಿದಲ್ಲಿ ಮಾಂಸ ಹೆಚ್ಚಾಗಿ ಬೆಳೆದಿರಬಹುದು ಎಂದು ತೋರಿತು. ಬಾಯಿ ತೊಳೆಯುವ ನೀರು, ಮುಲಾಮು, ಒಂದು ಸೂಜಿ ಕೊಟ್ಟು, ವಾರ ಬಿಟ್ಟು ನೋಡೋಣ ಎಂದೆ.

ಹೊರಡುವಾಗ ದೊಡ್ಡಾಕಿ ನೀಲಿ ಬಾಗಿಲವರೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. ಪಾಲಾಗುವಾಗ ಹಿರಿಯರು ಒಂದು ಮಾತು ಕಟ್ಟಿದ್ದರು: ಆಕಳು ದೊಡ್ಡಾಕಿಗೆ, ಅದು ಹಾಕುವ ಮೊದಲ ಹೆಣ್ಣುಗರು ಸಣ್ಣಾಕಿಗೆ. ಮೊದಲು ಹುಟ್ಟಿದ್ದು ಹೋರಿ. ಈಗ ಚಂದ್ರವ್ವ. ಹಾಲು ಬಿಟ್ಟ ಮೇಲೆ ಸಣ್ಣಾಕಿಯ ಕೈಗೆ ಹಗ್ಗ ಕೊಡಬೇಕು.

"ಹಗ್ಗ ಕೊಡೂತನಕ ಅದು ನನ್ನ ಮ್ಯಾಲ ಐತ್ರಿ ಬಾಯಾರ. ನೆಟ್ಟಗ ಕೊಡಬೇಕು. ಇಲ್ಲಂದ್ರ ನಾನ ಏನೋ ಮಾಡೀನಿ ಅಂತಾಳ."

"ಹಾಗೆ ಅಂದಳಾ?"

"ಇನ್ನೂ ಅಂದಿಲ್ರಿ. ಮಾತ ಇಲ್ಲಲ್ಲ, ಹೆಂಗಂತಾಳ?"

ವಾರ ಕಳೆಯಿತು, ಗಂಟು ಒಣಗಲಿಲ್ಲ. ನೆಲ್ಲಿಕಾಯಿಯಷ್ಟಾಯಿತು. ನಡುವಿನ ಎರಡು ಹಲ್ಲುಗಳನ್ನು ಆಚೆಈಚೆ ತಳ್ಳಿ, ತುಟಿ ಮುಚ್ಚದಂತೆ ಹೊರಗಿಣುಕುತ್ತಿತ್ತು. ಬೆರಳು ತಾಗಿದರೆ ಸಾಕು, ಹನಿ ರಕ್ತ. ಗಾಯದ ಮಾಂಸ ಮದ್ದಿಗೆ ಇಷ್ಟಾದರೂ ಬಗ್ಗಬೇಕಿತ್ತು. ನರೂಲಿಯಾದರೆ ಮೇಲ್ಮೈ ಹೂಕೋಸಿನಂತೆ ಒರಟಾಗಿರಬೇಕು, ಇದು ನುಣುಪು. ದವಡೆಯ ಎಲುಬು ಊದುವ ರೋಗದಲ್ಲಿ ಗಡ್ಡೆ ಕಲ್ಲಿನಂತಿರುತ್ತದೆ, ಕೀವು ಸೋರುತ್ತದೆ, ಇದು ಹಾಗಲ್ಲ. ಉಳಿದದ್ದು ಕ್ಯಾನ್ಸರ್ ಎಂಬ ಮಾತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

ಗದಗಿನಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ, ಹೈಸ್ಕೂಲಿನಲ್ಲಿ ಒಂದೇ ಬೆಂಚಿನವಳು, ಈಗ ಮನುಷ್ಯರ ಹಲ್ಲಿನ ಡಾಕ್ಟರು. ಸಂಜೆ ಅವಳ ದವಾಖಾನೆಗೆ ಹೋಗಿ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಯಾರ ಬಾಯಿಲೇ ಇದು?" ಎಂದಳು.

"ಚಂದ್ರವ್ವ ಅಂತ."

"ಬಸುರಿ ಏನು?"

"ಇನ್ನೂ ಎರಡು ತಿಂಗಳ ಕೂಸು. ಆಕಳ ಕರು."

ಅವಳು ನಕ್ಕ ರಭಸಕ್ಕೆ ಹೊರಗೆ ಕೂತಿದ್ದ ರೋಗಿಗಳು ಬಗ್ಗಿ ನೋಡಿದರು. ನಗು ನಿಂತ ಮೇಲೆ ಬಿಡಿಸಿ ಹೇಳಿದಳು. ಬಸುರಿ ಹೆಂಗಸರ ವಸಡಿನಲ್ಲಿ ಇಂಥದೇ ಕೆಂಪು ಗಂಟು ಬರುವುದುಂಟು. ಮುಂಡರಗಿ ಕಡೆಯ ಒಬ್ಬಾಕೆ ಕ್ಯಾನ್ಸರ್ ಎಂದು ಅಳುತ್ತ ಅವಳ ಬಳಿ ಬಂದಿದ್ದಳಂತೆ. ಹೆರಿಗೆಯಾದ ಮೇಲೆ ಗಂಟು ತಾನೇ ಬತ್ತಿತಂತೆ. ಕೂಸುಗಳ ತುಟಿಯಲ್ಲೂ ಹುಟ್ಟಿನಿಂದಲೇ ರಕ್ತನಾಳಗಳು ಹೆಣೆದುಕೊಂಡು ಉಬ್ಬಿರುತ್ತವೆ. ನೋಡಲು ಭಯ, ಆದರೆ ಹೆಚ್ಚಿನವು ಸಾಧು.

"ಕತ್ತರಿ ಹಾಕೋಕಿಂತ ಮೊದಲ ಒಂದು ಗಾಜು ಇಟ್ಟು ಒತ್ತಿ ನೋಡು. ರಕ್ತ ನಾಳದೊಳಗ ಇದ್ರ ಅದು ಸರೀತದ, ಗಂಟು ಬೆಳ್ಳಗ ಆಗ್ತದ. ಬಿಟ್ಟ ಕೂಡಲೇ ಮತ್ತ ತುಂಬ್ತದ. ನಾಳ ಒಡೆದು ಹೊರಗ ಚೆಲ್ಲಿದ ರಕ್ತ ಆದ್ರ ಬಣ್ಣ ಬದಲಾಗೂದಿಲ್ಲ. ಆದರ ಗಾಜು ನಂಬಿ ಕ್ಯಾನ್ಸರ್ ಅಲ್ಲ ಅಂತ ಹೇಳಬ್ಯಾಡ. ರಕ್ತ ತುಂಬಿದ ಕೆಟ್ಟ ಗಡ್ಡೀನೂ ಬೆಳ್ಳಗ ಆಗ್ತಾವ. ತುಣುಕು ತೆಗೆದು ಪರೀಕ್ಷೆ ಮಾಡಿಸಿದ ಮ್ಯಾಲನ ಖರೆ."

ರಕ್ತಪರೀಕ್ಷೆಗೆ ಬಳಸುವ ಗಾಜಿನ ಪಟ್ಟಿಗಳು ನಮ್ಮಲ್ಲಿ ಡಬ್ಬಿಗಟ್ಟಲೆ ಇರುತ್ತವೆ. ಮರುದಿನ ಒಂದನ್ನು ತೊಳೆದು, ಅಂಚನ್ನು ಬೆರಳಿನಲ್ಲಿ ಮುಚ್ಚಿ ಹಿಡಿದು, ಚಂದ್ರವ್ವನ ಗಂಟಿನ ಮೇಲೆ ಇಟ್ಟು ಮೆಲ್ಲಗೆ ಒತ್ತಿದೆ. ಕಡುಗೆಂಪು ಮಸುಕಾಯಿತು, ಗುಲಾಬಿಯಾಯಿತು, ಬಹುಮಟ್ಟಿಗೆ ಬೆಳ್ಳಗಾಯಿತು. ಗಾಜು ಎತ್ತಿದೆ. ಬುಡದಿಂದ ಕೆಂಪು ಏರಿಬಂದು ಮತ್ತೆ ತುಂಬಿಕೊಂಡಿತು.

"ನೋಡ್ರಿ, ನೋಡ್ರಿ" ಎಂದು ದೊಡ್ಡಾಕಿ ಗಾಬರಿಯಾದಳು. "ಜೀವ ಇದ್ದಂಗ ಐತಲ್ರಿ ಅದಕ್ಕ!"

ಬರೀ ರಕ್ತನಾಳಗಳ ಗಂಟು ಎಂದು ಬಹುಪಾಲು ಖಾತ್ರಿಯಾಯಿತು. ಉಳಿದ ಸಂಶಯಕ್ಕಾಗಿ ಒಂದು ಕಾಳಿನಷ್ಟು ತುಣುಕನ್ನು ಮೇಲ್ಭಾಗದಿಂದ ತೆಗೆದು, ರಕ್ತ ನಿಲ್ಲಲು ಒತ್ತಿ ಹಿಡಿದು, ತುಣುಕನ್ನು ಫಾರ್ಮಾಲಿನ್ ಶೀಶೆಗೆ ಹಾಕಿ ಪರೀಕ್ಷೆಗೆ ಕಳಿಸಿದೆ. ಒಳಗೆ ಕತ್ತರಿ ಇಳಿಸಲು ಧೈರ್ಯವಾಗಿರಲಿಲ್ಲ. ಆ ಸಣ್ಣ ಗಾಯಕ್ಕೇ ಹತ್ತಿಯ ಉಂಡೆಗಳು ಒಂದರ ಮೇಲೊಂದು ತೊಯ್ದಿದ್ದವು.

ವರದಿ ಬಂತು, ಉತ್ತರ ಬರಲಿಲ್ಲ. ಗಾಯ ಮಾಯುವಾಗಿನ ಮಾಂಸ, ಉರಿಯೂತ, ಇಷ್ಟರಿಂದ ಏನೂ ಹೇಳಲಾಗದು ಎಂದಿತ್ತು. ಪ್ರಯೋಗಾಲಯಕ್ಕೆ ಫೋನ್ ಮಾಡಿದೆ. ಅಲ್ಲಿನ ತಜ್ಞರು ಹಿರಿಯರು, ಸಮಾಧಾನದ ಮನುಷ್ಯ. "ಮೇಲಿನ ಸಿಪ್ಪಿ ಕಳಿಸೀರಿ. ಅದು ದಿನಾ ಜಜ್ಜಿಸಿಕೊಂಡು ಹುಣ್ಣಾಗಿರ್ತದ, ಯಾವ ಗಂಟಾದರೂ ಹಂಗ ಕಾಣ್ತದ. ನನಗ ಬುಡ ಬೇಕು" ಎಂದರು.

ಬುಡ ಬೇಕೆಂದರೆ ಎಲುಬಿನವರೆಗೆ ಹೋಗಬೇಕು. ಹೇಗೆ ಎಂದು ಯೋಚಿಸುತ್ತಿರುವಾಗಲೇ ಮತ್ತೊಂದು ಫೋನ್ ಬಂತು. ಈ ಸಲ ಮಾತನಾಡಿದವಳು ಸಣ್ಣಾಕಿ. "ಬಾಯಾರ, ರಗತ ನಿಲ್ಲವಲ್ದು" ಎಂದಷ್ಟೇ ಹೇಳಿದಳು.

ಹೋಗಿ ನೋಡಿದರೆ ಕರುವಿನ ಎದೆ, ಮುಂಗಾಲು, ಕೆಳಗಿನ ನೆಲ ಎಲ್ಲ ಕೆಂಪು. ಹೆಂಡತಿ ಊಟ ಬಿಟ್ಟು ಕೂತದ್ದನ್ನು ನೋಡಲಾರದೆ ದೊಡ್ಡಾಕಿಯ ಗಂಡ ಯಾರದೋ ಮಾತು ಕೇಳಿ ಗಂಟಿನ ಕುತ್ತಿಗೆಗೆ ನೂಲು ಬಿಗಿದಿದ್ದ. ನರೂಲಿಗಾದರೆ ಅದು ನಡೆಯುತ್ತಿತ್ತೇನೋ. ಇಲ್ಲಿ ನೂಲು ಗಂಟಿನ ಮೆತ್ತನೆಯ ಮೈಯನ್ನೇ ಕೊಯ್ದುಬಿಟ್ಟಿತ್ತು. ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ. ಬೈಯಲು ಮನಸ್ಸು ಬರಲಿಲ್ಲ, ಹೊತ್ತೂ ಇರಲಿಲ್ಲ.

ರಕ್ತನಾಳ ಕುಗ್ಗಿಸುವ ಔಷಧಿಯಲ್ಲಿ ಬಟ್ಟೆ ಅದ್ದಿ ಗಂಟಿನ ಮೇಲೆ ಒತ್ತಿದೆ. ಕರುವಿನ ತಲೆ ಅಲುಗಾಡಬಾರದು. ದೊಡ್ಡಾಕಿ ಹಿಡಿದಿದ್ದಳು, ಆದರೆ ರಕ್ತ ನೋಡಲಾರದೆ ಮುಖ ತಿರುಗಿಸಿದಾಗ ಹಿಡಿತ ಸಡಿಲವಾಯಿತು. ಬಟ್ಟೆ ಜಾರಿತು, ರಕ್ತ ಮತ್ತೆ ಚಿಮ್ಮಿತು.

ಕಂಬದ ಬಳಿ ನಿಂತಿದ್ದ ಸಣ್ಣಾಕಿ ಒಂದೇ ನೆಗೆತಕ್ಕೆ ಬಂದು ಮಂಡಿಯೂರಿದಳು. "ಯಕ್ಕಾ, ನೀ ಬಿಡು. ನಾ ಹಿಡೀತೀನಿ."

ದೊಡ್ಡಾಕಿ ಬಿಟ್ಟಳು. "ಕಿವಿ ಬುಡಕ್ಕ ಹಿಡಿ. ಅಲ್ಲಿ ಹಿಡದ್ರ ಸುಮ್ಮನಾಗ್ತಾಳ" ಎಂದಳು.

ಸಣ್ಣಾಕಿ ಕಿವಿಯ ಬುಡಕ್ಕೆ ಕೈಯಿಟ್ಟು, ಕರುವಿನ ತಲೆಯನ್ನು ತನ್ನ ಎದೆಗೆ ಅವುಚಿಕೊಂಡಳು. ನಾನು ಬೆರಳು ಮರಗಟ್ಟುವವರೆಗೆ ಒತ್ತಿದೆ. ತಾಯಿ ಆಕಳು ಹಗ್ಗ ಜಗ್ಗುತ್ತ ಅಂಬಾ ಎನ್ನುತ್ತಿತ್ತು. ಕೊನೆಗೆ ಬಟ್ಟೆ ಎತ್ತಿದಾಗ ಹೊಸ ಕೆಂಪು ಬರಲಿಲ್ಲ. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು; ಆಮೇಲೆ ತಾವು ಮಾತನಾಡಿದ್ದು ನೆನಪಾಗಿ, ಒಬ್ಬಳು ನೆಲ ತೊಳೆಯಲು ನೀರು ತರಲು ಹೋದಳು, ಇನ್ನೊಬ್ಬಳು ಸೆರಗು ಹಿಂಡತೊಡಗಿದಳು.

ಇನ್ನು ಕಾಯುವಂತಿರಲಿಲ್ಲ. ನನ್ನ ಮೇಲಧಿಕಾರಿಗಳನ್ನು ಕೇಳಿದೆ. ದೂರದ ಪಶುವೈದ್ಯ ಕಾಲೇಜಿಗೆ ಒಯ್ಯಬಹುದು, ಆದರೆ ಗೂಡ್ಸ್ ಗಾಡಿಯ ಕುಲುಕಾಟದಲ್ಲಿ ಮತ್ತೆ ಒಡೆದರೆ ನಡುದಾರಿಯಲ್ಲೇ ಕಳೆದುಕೊಳ್ಳುತ್ತೀರಿ ಎಂದರು. "ಇಲ್ಲೇ ಮಾಡೋದಾದರೆ ಮಾಡಿ. ಅರ್ಧ ಮಾಡಬೇಡಿ" ಎಂದೂ ಅಂದರು. ಅರ್ಧ ಎಂದರೆ ಗಂಟನ್ನಷ್ಟೇ ಸವರಿ ಸುಡುವುದು. ಸುಲಭ, ರಕ್ತವೂ ಕಡಿಮೆ. ಆದರೆ ಬುಡ ಉಳಿದರೆ ಮತ್ತೆ ಬೆಳೆಯುತ್ತದೆ, ಪ್ರತಿ ಸಲವೂ ಅಗಲವಾಗಿ. ಪೂರ್ತಿ ಎಂದರೆ ಗಂಟು, ಸುತ್ತಲಿನ ವಸಡು, ಹಲ್ಲುಗಳು ಮತ್ತು ಅವು ಕೂತಿರುವ ಕೆಳದವಡೆಯ ಮುಂದಿನ ಅಂಚು, ಎಲ್ಲವನ್ನೂ ಒಂದೇ ತುಂಡಾಗಿ ತೆಗೆಯುವುದು. ಹಾಲುಹಲ್ಲಿನ ಕೆಳಗೇ ಶಾಶ್ವತ ಹಲ್ಲಿನ ಮೊಳಕೆಯೂ ಇರುತ್ತದೆ. ಅದೂ ಹೋಗುತ್ತದೆ.

ಇಬ್ಬರನ್ನೂ ಕೊಟ್ಟಿಗೆಯಲ್ಲಿ ಕೂರಿಸಿ ಇದ್ದದ್ದನ್ನು ಇದ್ದಂತೆ ಹೇಳಿದೆ. "ಪೂರ್ತಿ ತೆಗೆದರೆ ಉಳಿಯುವ ಸಾಧ್ಯತೆ ಹೆಚ್ಚು. ಆದರೆ ಮುಂದಿನ ಹಲ್ಲು ಜೀವಮಾನದಲ್ಲಿ ಬರುವುದಿಲ್ಲ."

ದೊಡ್ಡಾಕಿಯ ಮುಖ ಕಪ್ಪಿಟ್ಟಿತು. "ಬ್ಯಾಡ್ರಿ ಬಾಯಾರ. ಹಲ್ಲಿಲ್ಲದ ಕರ ನಾ ಹೆಂಗ ಕೊಡ್ಲಿ? ಐದು ಮಂದಿ ಮುಂದ ಮಾತು ಕೊಟ್ಟೀನಿ. ಮ್ಯಾಲಿಂದ ಮ್ಯಾಲ ತಗೀರಿ. ಮುಂದಿನ ಸೂಲಿಗೆ ಹೆಣ್ಣ ಹುಟ್ಟಿದ್ರ ಅದನ್ನ ಕೊಡ್ತೀನಿ, ಇದು ನನ್ನ ಕಡೀಗೇ ಇರ್ಲಿ."

ಸಣ್ಣಾಕಿ ನನ್ನನ್ನು ನೋಡಲಿಲ್ಲ. ನೇರವಾಗಿ ದೊಡ್ಡಾಕಿಯನ್ನೇ ನೋಡಿದಳು.

"ಯಕ್ಕಾ, ನಾ ನಿನಗ ಹಲ್ಲ ಕೇಳೀನೇನು? ಕರ ಕೇಳೀನಿ."

"ಮಂದಿ ಏನಂದಾರು?"

"ಮಂದಿ ಬಂದು ಮೇವು ಹಾಕ್ತಾರೇನು? ನನಗ ಈಕಿನ ಬೇಕು. ಮುಂದಿಂದು ಬ್ಯಾಡ." ಅವಳು ಕರುವಿನ ಬೆನ್ನ ಮೇಲೆ ಕೈಯಿಟ್ಟಳು. "ನೀ ನಸಿಕಿಲೆ ಹಿಂಡಾಕ ಬರೂಕಿಂತ ಮೊದಲ ದಿನಾ ಬಂದು ಮೈ ತಿಕ್ಕಿ ಹೋಗೇನಿ. ನಿನಗ ಗೊತ್ತಿಲ್ಲ."

"ಗೊತ್ತೈತಿ" ಎಂದಳು ದೊಡ್ಡಾಕಿ. "ಕೂದಲಿಗೆ ನಿನ್ನ ಮನಿ ಎಣ್ಣಿ ವಾಸನಿ ಹತ್ತಿರ್ತಿತ್ತು. ಬ್ಯಾಡ ಅನ್ನಲಿಲ್ಲ, ಬಿಟ್ಟೆ." ನನ್ನ ಕಡೆ ತಿರುಗಿ, "ಪೂರ್ತಿನ ತಗೀರಿ ಬಾಯಾರ" ಎಂದಳು.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆಯಿಂದ ಕರುವಿಗೆ ಹಾಲು ಬಿಡಲಿಲ್ಲ. ತಾಯಿಯ ಕೂಗು ಕೇಳಲಾರದೆ ಅಣ್ಣತಮ್ಮಂದಿರು ಆಕಳನ್ನು ಹೊಲಕ್ಕೆ ಹೊಡೆದುಕೊಂಡು ಹೋದರು. ಹಲ್ಲಿನ ಡಾಕ್ಟರು ಗೆಳತಿ ದವಾಖಾನೆಗೆ ಬೀಗ ಹಾಕಿ ತಾನೇ ಬಂದಿದ್ದಳು. "ಇಷ್ಟು ದೊಡ್ಡ ರೋಗಿ ನನಗ ಸಿಕ್ಕೇ ಇಲ್ಲ" ಎನ್ನುತ್ತ ಸೆರಗು ಸಿಕ್ಕಿಸಿಕೊಂಡಳು. ವಸಡು ಹೊಲಿಯುವ ಸಣ್ಣ ಸೂಜಿಗಳನ್ನೂ ತಂದಿದ್ದಳು.

ದನಗಳಿಗೆ ಮಂಪರಿನ ಔಷಧಿ ಅತಿ ಕಡಿಮೆ ಸಾಕು, ಕರುಗಳಿಗೆ ಇನ್ನೂ ಕಡಿಮೆ. ಹನಿ ಹನಿಯಾಗಿ ಅಳೆದು ಕೊಟ್ಟೆ. ಚಂದ್ರವ್ವ ಮೆಲ್ಲಗೆ ಕುಸಿದು, ಸಣ್ಣಾಕಿಯ ಮಡಿಲಲ್ಲಿ ತಲೆಯಿಟ್ಟಳು. ಜೊಲ್ಲು ಗಂಟಲಿಗೆ ಇಳಿಯದಂತೆ ಮೂತಿಯನ್ನು ಕೆಳಮುಖ ಮಾಡಿದೆವು. ಕೆಳದವಡೆಯ ಎರಡೂ ಬದಿಯಲ್ಲಿ ಎಲುಬಿಗೊಂದು ಸಣ್ಣ ಕಿಂಡಿ ಇರುತ್ತದೆ. ತುಟಿಗೆ ಹೋಗುವ ನರ ಅಲ್ಲಿಂದ ಹೊರಬರುತ್ತದೆ. ಬೆರಳಿನಿಂದ ಆ ಕಿಂಡಿ ಹುಡುಕಿ, ಒಳಗೆ ಮರಗಟ್ಟಿಸುವ ಔಷಧಿ ಬಿಟ್ಟೆ. ಸೂಜಿಯಿಂದ ಚುಚ್ಚಿ ನೋಡಿದಾಗ ತುಟಿ ಅದುರಲಿಲ್ಲ.

ಗಂಟಿನಿಂದ ಒಂದು ಬೆರಳು ಹಿಂದಕ್ಕೆ ವಸಡನ್ನು ಕೊಯ್ದು ಎಲುಬಿನಿಂದ ಬಿಡಿಸಿದೆ. ಗೆಳತಿ ತುಟಿ ಎಳೆದು ಹಿಡಿದು ರಕ್ತ ಒರೆಸುತ್ತಿದ್ದಳು. ಎಲುಬು ಕತ್ತರಿಸಲು ನನ್ನ ಬಳಿ ಇದ್ದದ್ದು ಒಂದು ಹೆಣೆದ ಉಕ್ಕಿನ ತಂತಿ. ಹೊಟ್ಟೆಯೊಳಗೇ ಸತ್ತು ಅಡ್ಡ ಸಿಕ್ಕ ಕರುವನ್ನು ತುಂಡು ಮಾಡಿ ತಾಯಿಯನ್ನು ಉಳಿಸಲು ಬಳಸುವ ತಂತಿ ಅದು. ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ಕೆಲಸ ಮಾಡುವಾಗ ಎಷ್ಟೋ ಸಲ ಅದನ್ನು ಕೈಯಲ್ಲಿ ಹಿಡಿದಿದ್ದೇನೆ. ಒಂದು ಸಲವೂ ಮನಸ್ಸು ಹಗುರಾಗಿ ಮನೆಗೆ ಹೋದದ್ದಿಲ್ಲ. ಕುದಿಸಿ ತಂದಿದ್ದ ಹೊಸ ತುಂಡನ್ನು ಚಂದ್ರವ್ವನ ದವಡೆಯ ಕೆಳಗೆ ಹಾಯಿಸಿ, ಎರಡೂ ತುದಿಗೆ ಹಿಡಿ ಸಿಕ್ಕಿಸಿದಾಗ, ಉಸಿರಾಡುವ ಕರುವಿನ ಮೇಲೆ ಅದನ್ನು ಎಳೆಯುವುದು ಇದೇ ಮೊದಲು ಎಂಬುದು ಹೊಳೆಯಿತು. ಎಳೆಯ ಎಲುಬು ಮೆತ್ತಗಿತ್ತು. ಕೆಲವೇ ಎಳೆತಕ್ಕೆ ಮುಂದಿನ ಅಂಚು, ಹಲ್ಲು ಮತ್ತು ಗಂಟಿನ ಸಮೇತ, ಗೆಳತಿಯ ಕೈಗೆ ಬಂತು.

ಎಲುಬಿನ ಬಾಯಿಂದ ರಕ್ತ ಉಕ್ಕಿತು. ಅದು ಗೊತ್ತಿದ್ದದ್ದೇ. ಸುಡಲು ಕೋಡಿನ ಮೊಳಕೆ ಸುಡುವ ಕರೆಂಟಿನ ಕಬ್ಬಿಣ ತಂದಿದ್ದೆ, ಸಹಾಯಕರು ಅದನ್ನು ಆಗಲೇ ಕಾಯಿಸಲು ಇಟ್ಟಿದ್ದರು. ಕೈ ಚಾಚಿದೆ. "ಮೇಡಂ, ಕರೆಂಟ್ ಹೋಗಿ ಬಾಳ ಹೊತ್ತಾಗೇತಿ ಕಾಣ್ತದ್ರಿ. ತಣ್ಣಗೈತಿ" ಎಂದರು.

ಒತ್ತಿದ ಬಟ್ಟೆ ಕೆಂಪಾಯಿತು. ಇನ್ನೊಂದು ಬಟ್ಟೆ. ಗೆಳತಿ ನನ್ನ ಮುಖ ನೋಡಿದಳು. ಚೀಲದಲ್ಲಿ ಹಳೆಯ ಕಾಲದ ಒಂದು ಕಬ್ಬಿಣದ ಸಲಾಕೆ ಇತ್ತು, ಬೆಂಕಿ ಎಲ್ಲಿ?

ಸಣ್ಣಾಕಿ ಕೂತಲ್ಲಿಂದಲೇ, "ನನ್ನ ಮನ್ಯಾಗ ಗ್ಯಾಸ್ ಐತಿ, ಹೋಗ್ರಿ" ಎಂದಳು.

"ಗ್ಯಾಸಿಗೆ ಅದು ಎಂದು ಕಾಯ್ತದ?" ದೊಡ್ಡಾಕಿ ಆಗಲೇ ಸಲಾಕೆ ಕಸಿದುಕೊಂಡಿದ್ದಳು. "ನನ್ನ ಒಲ್ಯಾಗ ನಿಗಿನಿಗಿ ಕೆಂಡ ಅದಾವು. ನೀ ತಲಿ ಬಿಡಬ್ಯಾಡ."

ಸಹಾಯಕರು ಅವಳ ಹಿಂದೆ ಓಡಿದರು. ನಾನು ಎರಡೂ ಹೆಬ್ಬೆರಳು ಊರಿ ಒತ್ತುತ್ತಿದ್ದೆ. ಗೆಳತಿ ಕರುವಿನ ನಾಲಿಗೆಯ ಬಣ್ಣ ನೋಡುತ್ತ, "ಇನ್ನೂ ಗುಲಾಬಿ ಐತಿ, ಇನ್ನೂ ಗುಲಾಬಿ ಐತಿ" ಎಂದು ಗೊಣಗುತ್ತಿದ್ದಳು. ಸಣ್ಣಾಕಿ ಕಣ್ಣು ಮುಚ್ಚಿ ಕರುವಿನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಮಕ್ಕಳನ್ನು ಮಲಗಿಸುವವರ ಹಾಗೆ. ಸಲಾಕೆ ಕೆಂಪಗೆ ಹೊಳೆಯುತ್ತ ಬಂತು. ಒಂದು ಸಲ ಮುಟ್ಟಿಸಿದೆ. ಇನ್ನೊಂದು ಸಲ. ಸುಟ್ಟ ವಾಸನೆ ಎದ್ದಿತು, ರಕ್ತ ತೊಟ್ಟಿಕ್ಕುವುದಕ್ಕೆ ಇಳಿಯಿತು, ನಿಂತಿತು.

ಆಮೇಲಿನದು ಗೆಳತಿಯ ಕೈಯ ಕೆಲಸ. ಒಳತುಟಿಯ ಚರ್ಮವನ್ನು ಎಲುಬಿನ ಮೇಲೆ ಎಳೆದು, ನಾನು ಕಟ್ಟುವುದಕ್ಕಿಂತ ಅರ್ಧ ಅಂತರದಲ್ಲಿ ಹೊಲಿಗೆ ಹಾಕಿದಳು. "ಊಟದ ಬಾಯಿ ಇದು, ನೀರೂ ಹೋಗಬಾರದು" ಎನ್ನುತ್ತಿದ್ದಳು.

ಮಧ್ಯಾಹ್ನ ಚಂದ್ರವ್ವ ಎದ್ದು ನಿಂತು, ಓಲಾಡಿ, ಮತ್ತೆ ನಿಂತಳು. ಹೊಲಿಗೆ ಮಾಯುವವರೆಗೆ ಮೊಲೆ ಚೀಪುವಂತಿರಲಿಲ್ಲ. ದೊಡ್ಡಾಕಿ ಹಿಂಡಿದಳು, ಸಣ್ಣಾಕಿ ಅಗಲ ಪಾತ್ರೆಯಲ್ಲಿ ಬೆರಳು ಅದ್ದಿ ಅದ್ದಿ ಕುಡಿಸಲು ಕಲಿಸಿದಳು. ಮೊದಲ ದಿನ ಕರುವಿಗಿಂತ ಹೆಚ್ಚು ಹಾಲನ್ನು ಸಣ್ಣಾಕಿಯ ಸೀರೆಯೇ ಕುಡಿಯಿತು. ಹಾಲು ಹೆಚ್ಚು ಬೆಚ್ಚಗಾಯಿತು, ಕಡಿಮೆ ಬೆಚ್ಚಗಾಯಿತು ಎಂದು ಇಬ್ಬರಿಗೂ ಬಿರುಸಾದ ಮಾತು ನಡೆಯುತ್ತಿತ್ತು. ಇಟ್ಟಂಗಿ ಗೋಡೆಯ ಎರಡೂ ಕಡೆಯ ಗಂಡಸರು ಅದನ್ನು ಕೇಳುತ್ತ ಹೊರಗಿನ ಕಟ್ಟೆಯ ಮೇಲೆ ಸುಮ್ಮನೆ ಬೀಡಿ ಸೇದುತ್ತಿದ್ದರು.

ಪ್ರಯೋಗಾಲಯದ ಹಿರಿಯರು ಈ ಸಲ ತಾವೇ ಫೋನ್ ಮಾಡಿದರು. "ಬುಡ ಸಿಕ್ತು. ರಕ್ತನಾಳಗಳು ಹುಟ್ಟಿನಿಂದಲೇ ಲೆಕ್ಕ ತಪ್ಪಿ ಬೆಳದಾವು. ಕರುಗಳ ವಸಡಿನಾಗ ಇದು ಬರೂದು ಭಾಳ ಅಪರೂಪ, ಆದರ ಬರ್ತದ. ಜೀವಕೋಶಗಳೆಲ್ಲ ಶಾಂತ ಅದಾವು, ಕ್ಯಾನ್ಸರ್ ಅಲ್ಲ. ನೀವು ಕೊಯ್ದ ಅಂಚಿನಾಗ ಗಂಟಿನ ಎಳೆ ಒಂದೂ ಇಲ್ಲ." ನಾನು ಥ್ಯಾಂಕ್ಸ್ ಹೇಳುವುದನ್ನೂ ಮರೆತು, ಅಂಚಿನ ಬಗ್ಗೆ ಮತ್ತೊಮ್ಮೆ ಹೇಳಿ ಎಂದೆ. ಅವರು ಮತ್ತೊಮ್ಮೆ ಹೇಳಿದರು.

ಸುದ್ದಿ ಮುಟ್ಟಿಸಲು ಹೋದಾಗ ದೊಡ್ಡಾಕಿ ಕೇಳಿದ್ದು ಒಂದೇ: "ನಾ ಏನರ ತಿನಿಸಿದ್ದಕ್ಕ ಆಗಿದ್ದಲ್ಲ?" ಅಲ್ಲವೇ ಅಲ್ಲ, ತಾಯಿಯ ಹೊಟ್ಟೆಯಲ್ಲೇ ಆಗಿದ್ದು, ಯಾರ ತಪ್ಪೂ ಇಲ್ಲ, ಯಾರಿಗೂ ಅಂಟುವುದಿಲ್ಲ ಎಂದೆ. ಅವಳು ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಣ್ಣಾಕಿ ಬಂದು ಪಕ್ಕದಲ್ಲಿ ಕೂತಳು.

ಹಾಲು ಬಿಡಿಸಿದ ಮೇಲೆ ಒಂದು ಸೋಮವಾರ ಹಗ್ಗ ಕೊಟ್ಟರು. ನನ್ನನ್ನೂ ಗೆಳತಿಯನ್ನೂ ಕರೆದಿದ್ದರು. ಕರುವಿನ ಹಣೆಗೆ ಕುಂಕುಮ, ಕೊರಳಿಗೆ ಹೂವು. ದೊಡ್ಡಾಕಿ ಹಗ್ಗವನ್ನು ಸಣ್ಣಾಕಿಯ ಉಡಿಗೆ ಹಾಕಿದಳು. ಸಣ್ಣಾಕಿ ಅತ್ತೆಗೆ ನಮಸ್ಕರಿಸುವಂತೆ ಬಗ್ಗಿ ಕಾಲು ಮುಟ್ಟಿದಳು. ಆಮೇಲೆ ಕರುವನ್ನು ಬಿಚ್ಚಿ, ಅದೇ ಕೊಟ್ಟಿಗೆಯಲ್ಲಿ, ಪಕ್ಕದ ಗೂಟಕ್ಕೆ ಕಟ್ಟಿದರು. ಒಯ್ಯಲು ಬೇರೆ ಜಾಗವೆಲ್ಲಿತ್ತು? ಹುಗ್ಗಿ ಊಟ ನೀಲಿ ಬಾಗಿಲ ಮನೆಯಲ್ಲಾಯಿತು, ಚಹಾ ಹಸಿರು ಬಾಗಿಲ ಮನೆಯಲ್ಲಿ.

ನನಗೆ ಒಂದು ಚಿಂತೆ ಉಳಿದಿತ್ತು. ಹಸಿ ಮೇವನ್ನು ದನ ನಾಲಿಗೆಯಿಂದ ಸುತ್ತಿ ಎಳೆದು, ಕೆಳಗಿನ ಹಲ್ಲಿಗೆ ಒತ್ತಿ ಕೀಳುತ್ತದೆ. ಹಲ್ಲಿಲ್ಲದೆ ಇವಳು ಹೇಗೆ ಕಿತ್ತಾಳು? ಮನೆಯಲ್ಲಿ ಜೋಳದ ಕಣಿಕೆ ಸಣ್ಣಗೆ ಹೆಚ್ಚಿ ಹಾಕುತ್ತಿದ್ದರು, ಅದು ಸರಿ. ಬಯಲಿನಲ್ಲಿ?

ಮುಂದಿನ ಮಳೆಗಾಲದಲ್ಲಿ ಲಸಿಕೆ ಹಾಕಲು ಆ ಕಡೆ ಹೋದಾಗ ಕೆಲಸ ಮುಗಿಸಿ ಅವರ ಹೊಲದ ಬದುವಿಗೆ ನಡೆದೆ. ಚಂದ್ರವ್ವ ಆಗ ದೊಡ್ಡ ಕಡಸು. ಮೂತಿ ಒಂದಿಷ್ಟು ಮೊಟಕು. ನಾಲಿಗೆಯ ತುದಿ ತುಟಿಯ ಸಂದಿಯಿಂದ ಸದಾ ಹೊರಗೆ ಇಣುಕುತ್ತ, ಯಾರನ್ನೋ ಅಣಕಿಸುವಂತಿತ್ತು. ಸಣ್ಣಾಕಿ ಕಳೆ ತೆಗೆಯುತ್ತಿದ್ದವಳು ಕುರುಪಿ ಹಿಡಿದೇ ಎದ್ದು ಬಂದಳು. ಇಬ್ಬರೂ ನಿಂತು ನೋಡಿದೆವು. ಕಡಸು ನಾಲಿಗೆಯನ್ನು ಉದ್ದಕ್ಕೆ ಚಾಚಿ, ಒಂದು ಹಿಡಿ ಹುಲ್ಲಿಗೆ ಎರಡು ಸುತ್ತು ಹಾಕಿ, ತಲೆಯನ್ನು ಪಕ್ಕಕ್ಕೆ ಝಾಡಿಸಿತು. ಹುಲ್ಲು ಕಿತ್ತುಬಂತು. ಮತ್ತೆ ಚಾಚಿತು.

"ಬೇರೆ ದನಕ್ಕಿಂತ ನಿಧಾನವೇ?" ಎಂದು ಕೇಳಿದೆ.

"ಇಲ್ರಿ" ಎಂದಳು ಸಣ್ಣಾಕಿ. "ಹಲ್ಲಿಲ್ಲ ಅಂತ ಅದಕ್ಕ ಇನ್ನೂ ಯಾರೂ ಹೇಳಿಲ್ರಿ ಬಾಯಾರ."